ಗುಡಿಯಲ್ಲದ ಕಟ್ಟಡ: ವಿಜಯಪುರ ಸೀಮೆಯ ಹಳ್ಳಿಮಠಗಳ ವಾಸ್ತು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಹಳೆಯ ಹಳ್ಳಿಮಠ ಮೇಲ್ನೋಟಕ್ಕೆ ಒಂದು ದೊಡ್ಡ ಮನೆ. ಊರೊಳಗೆ, ಒಕ್ಕಲಿಗರ ಮನೆಗಳ ಸಾಲಿನಲ್ಲೇ ಅದು ನಿಂತಿರುತ್ತದೆ. ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ಕಟ್ಟಿಗೆಯ ಕಂಬಗಳ ಪಡಸಾಲೆ, ಎದುರಿಗೊಂದು ಅಂಗಳ. ಗೋಪುರವಿಲ್ಲ, ಪ್ರದಕ್ಷಿಣೆಯ ದಾರಿಯಿಲ್ಲ, ಹೊರಗೋಡೆಯ ಮೇಲೆ ದೇವತೆಗಳ ಸಾಲಿಲ್ಲ. ನೆರೆಮನೆಗಳಿಗಿಂತ ಅದನ್ನು ಬೇರೆಯಾಗಿಸುವುದು ಬಾಗಿಲಿನ ಎತ್ತರ, ಪಡಸಾಲೆಯ ಅಗಲ ಮತ್ತು ಅಡುಗೆಮನೆಯ ಗಾತ್ರ. ಈ ಮೂರೂ ಬಂದವರ ಸಂಖ್ಯೆಗೆ ತಕ್ಕಂತೆ ಬೆಳೆದವು. ಗುಡಿಯ ದಾರಿಯನ್ನು ಬಿಟ್ಟ ಒಂದು ಧಾರ್ಮಿಕ ಸಮುದಾಯ ತಾನು ಸೇರುವುದಕ್ಕೆ, ಉಣ್ಣುವುದಕ್ಕೆ, ಓದುವುದಕ್ಕೆ ಕಟ್ಟಿಕೊಂಡ ಜಾಗ ಇದು. ವಾಸ್ತುವಾಗಿ ಇದನ್ನು ಅಳೆಯಬೇಕಾದದ್ದೂ ಆ ಉದ್ದೇಶಗಳಿಂದಲೇ.

12ನೆಯ ಶತಮಾನದ ಶರಣರು ಸ್ಥಾವರಕ್ಕಿಂತ ಜಂಗಮವನ್ನು ಮೇಲೆ ಇಟ್ಟರು. ಇಷ್ಟಲಿಂಗ ಅಂಗೈಗೆ ಬಂದಮೇಲೆ ಪೂಜೆಗೆ ಗರ್ಭಗೃಹ ಬೇಕಿರಲಿಲ್ಲ. ದೇಹವೇ ದೇಗುಲವೆಂದು ನಂಬಿದವರಿಗೆ ಕಲ್ಲಿನ ದೇಗುಲದ ಹಂಗೂ ಇರಲಿಲ್ಲ. ಆದರೆ ಕೂಡುವುದಕ್ಕೆ ಒಂದು ಸೂರು ಬೇಕಿತ್ತು. ಅನುಭವಗೋಷ್ಠಿಗೆ ಕುಳಿತು ಮಾತಾಡುವ ಜಾಗ ಬೇಕು, ದಾಸೋಹಕ್ಕೆ ಒಲೆ ಮತ್ತು ಪಂಕ್ತಿ ಬೇಕು, ಸಂಚರಿಸುವ ಜಂಗಮನಿಗೆ ರಾತ್ರಿಯ ನೆಲೆ ಬೇಕು. ಕಲ್ಯಾಣದ ನಂತರದ ಶತಮಾನಗಳಲ್ಲಿ, ಅದರಲ್ಲೂ ವಿಜಯನಗರದ ಕಾಲದಲ್ಲಿ ವಿರಕ್ತ ಪರಂಪರೆ ಬಲಗೊಂಡು ವಚನಗಳ ಸಂಕಲನವೂ ಶೂನ್ಯಸಂಪಾದನೆಯ ರಚನೆಯೂ ನಡೆದಾಗ ಈ ಅಗತ್ಯಗಳು ಒಂದೇ ಕಟ್ಟಡದಲ್ಲಿ ನೆಲೆಗೊಂಡವು. ಗುರುಪರಂಪರೆಯ ಶಿವಾಚಾರ್ಯ ಮಠಗಳ ತತ್ತ್ವ ಬೇರೆಯಾದರೂ ಹಳ್ಳಿಯ ಮಟ್ಟದಲ್ಲಿ ಕಟ್ಟಡದ ರೂಪ ಹೆಚ್ಚುಕಡಿಮೆ ಇದೇ.

ಈ ಕಟ್ಟಡ ಎಷ್ಟರಮಟ್ಟಿಗೆ ಗೆದ್ದಿದೆ ಎಂದು ತಿಳಿಯಲು ಇಂಗ್ಲೆಂಡಿನ ಕ್ವೇಕರ್ ಸಭಾಗೃಹ ಒಳ್ಳೆಯ ಅಳತೆಗೋಲು. ಕಾಲ ಬೇರೆ, ನಂಬಿಕೆ ಬೇರೆ, ಹವೆ ಬೇರೆ. ಎದುರಿಸಿದ ವಾಸ್ತುಸಮಸ್ಯೆ ಮಾತ್ರ ಒಂದೇ. ಜಾರ್ಜ್ ಫಾಕ್ಸ್ 17ನೆಯ ಶತಮಾನದ ನಡುವಿನಲ್ಲಿ ಕಟ್ಟಿದ ಈ ಪಂಥ ಪಾದ್ರಿಯನ್ನೂ ಬಲಿಪೀಠವನ್ನೂ ಬಿಟ್ಟಿತು. ಜನ ಮೌನವಾಗಿ ಕೂಡುತ್ತಾರೆ. ಒಳಗಿನಿಂದ ಪ್ರೇರಣೆಯಾದವರು, ಗಂಡಾಗಲಿ ಹೆಣ್ಣಾಗಲಿ, ಎದ್ದು ಮಾತಾಡುತ್ತಾರೆ. ಸೆಡ್‌ಬರ್ಗ್ ಬಳಿಯ ಬ್ರಿಗ್‌ಫ್ಲಾಟ್ಸ್ ಸಭಾಗೃಹ 1675ರದು, ಬಕಿಂಗ್‌ಹ್ಯಾಮ್‌ಶೈರಿನ ಜೋರ್ಡನ್ಸ್ 1688ರದು. ಎರಡೂ ಆ ಸೀಮೆಯ ರೈತಮನೆಯ ರೂಪದಲ್ಲೇ ಇವೆ. ಬ್ರಿಗ್‌ಫ್ಲಾಟ್ಸ್‌ನಲ್ಲಿ ಕುರಿ ಕಾಯುವ ನಾಯಿಗಳನ್ನು ಕೂಡಿಹಾಕಲು ಮೆಟ್ಟಿಲ ಬುಡದಲ್ಲೇ ಒಂದು ದೊಡ್ಡಿಯಿದೆ. ಜೋರ್ಡನ್ಸ್‌ನಲ್ಲಿ ನೋಡಿಕೊಳ್ಳುವವರ ಮನೆ ಅದೇ ಸೂರಿನಡಿ ಸೇರಿಕೊಂಡಿದೆ. ಒಳಗೆ ಒಂದೇ ಕೋಣೆ, ಸರಳ ಬೆಂಚುಗಳು, ಬಣ್ಣವಿಲ್ಲದ ಗಾಜು. ಆದರೂ ಸಮಾನತೆ ಪೂರ್ತಿಯಾಗಿರಲಿಲ್ಲ. ಹಿರಿಯರಿಗೂ ಬೋಧಕರಿಗೂ ಒಂದೆರಡು ಮೆಟ್ಟಿಲು ಮೇಲೆ, ಸಭೆಗೆ ಮುಖಮಾಡಿದ ಬೆಂಚು ಇರುತ್ತಿತ್ತು. ಗಂಡಸರ ಮತ್ತು ಹೆಂಗಸರ ವ್ಯವಹಾರಸಭೆಗಳನ್ನು ಬೇರೆ ಮಾಡಲು ಅನೇಕ ಕಡೆ ನಡುವೆ ಮರದ ಹಲಗೆಗಳಿದ್ದವು. ಇಂಥ ಕಟ್ಟಡಕ್ಕೆ ಕೇಳಬೇಕಾದ ಪ್ರಶ್ನೆಗಳು ಇಲ್ಲಿಂದ ಹುಟ್ಟುತ್ತವೆ. ಜನ ಒಬ್ಬರನ್ನೊಬ್ಬರು ನೋಡುವಂತೆ ಕೂರುತ್ತಾರೆಯೇ? ಎತ್ತರದ ಜಾಗ ಯಾರಿಗೆ ಸಿಕ್ಕಿದೆ? ಕಟ್ಟಡ ತನ್ನ ಮಣ್ಣಿನದೋ ಹೊರಗಿನಿಂದ ತಂದದ್ದೋ? ಸತ್ತವರಿಗೆ ಅದು ಎಷ್ಟು ಜಾಗ ಕೊಡುತ್ತದೆ?

ಸಭೆಗಾಗಿಯೇ ಕಟ್ಟಿದ ಮನೆ ಈ ಸೀಮೆಗೆ ಶರಣರಿಗಿಂತ ಮೊದಲೇ ಗೊತ್ತಿತ್ತು. ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 945ರದು. ಆಗ ಪಾವಿಟ್ಟಗೆ ಎನಿಸಿದ್ದ ಈ ಊರಿನಲ್ಲಿ ಕೃಷ್ಣನ ಮಂತ್ರಿ ನಾರಾಯಣ ತ್ರಯೀಪುರುಷರ ಪ್ರತಿಷ್ಠೆ ಮಾಡಿ ಒಂದು ವಿದ್ಯಾಶಾಲೆ ಕಟ್ಟಿಸಿದ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ 27 ಮನೆಗಳು, ಶಾಲೆಯ ನಿರ್ವಹಣೆಗೆ 500 ನಿವರ್ತನ ಭೂಮಿ, ದೀಪದ ಖರ್ಚಿಗೆ 12 ನಿವರ್ತನ ದೊರೆತವು. ಊರವರೂ ಮದುವೆ, ಉಪನಯನಗಳ ಹೊತ್ತಿಗೆ ಶಾಲೆಗೆ ಇಂತಿಷ್ಟು ಕೊಡುವುದೆಂದು ನಿಗದಿಯಾಯಿತು. ವೇದಾಧ್ಯಯನದ ಈ ಶಾಲೆ ಎಲ್ಲರಿಗೂ ತೆರೆದದ್ದಾಗಿರಲಿಲ್ಲ. ಶರಣರ ಕೂಟಕ್ಕೂ ಅದಕ್ಕೂ ತತ್ತ್ವದಲ್ಲಿ ಬಹಳ ದೂರ. ಆದರೂ ಓದುವ ಸಭಾಂಗಣ, ಉಳಿಯುವ ಮನೆಗಳು, ದೀಪದ ಭೂಮಿ, ಊರಿನ ವಂತಿಗೆ ಎಂಬ ನಾಲ್ಕು ಅಂಗಗಳೂ ಮುಂದಿನ ಮಠಗಳಲ್ಲಿ ಹಾಗೆಯೇ ಕಾಣಿಸುತ್ತವೆ. ಒಂದು ಸೂರನ್ನು ನೂರಾರು ವರ್ಷ ಉಳಿಸಲು ಅದರ ಹಿಂದೆ ಉಳುವ ಭೂಮಿಯೂ ನೀಡುವ ಊರೂ ಬೇಕೆಂಬ ತಿಳಿವಳಿಕೆ ಎರಡಕ್ಕೂ ಸಮಾನ.

ಹಳ್ಳಿಮಠದ ವಿನ್ಯಾಸ ಹೊರಗಿನಿಂದ ಒಳಕ್ಕೆ ಹಂತಹಂತವಾಗಿ ಬಿಚ್ಚಿಕೊಳ್ಳುತ್ತದೆ. ಮೊದಲು ಹೆಬ್ಬಾಗಿಲು, ಅದರ ದೊಡ್ಡ ಕದದೊಳಗೆ ಒಬ್ಬರು ತಲೆಬಾಗಿಸಿ ದಾಟುವಷ್ಟು ದಿಡ್ಡಿಬಾಗಿಲು. ಬಾಗಿಲ ಎರಡು ಬದಿಗೂ ಕಟ್ಟೆ. ಹಗಲೆಲ್ಲ ಊರಿನ ಹಿರಿಯರು ಕುಳಿತು ಮಾತಾಡುವುದು ಇಲ್ಲಿ. ಒಳಗೆ ಬರುವ ಮನಸ್ಸಿಲ್ಲದವರಿಗೂ ಮಠ ಇಷ್ಟು ಜಾಗ ಕೊಟ್ಟಿರುತ್ತದೆ. ಬಾಗಿಲು ದಾಟಿದರೆ ಪೌಳಿ, ನಡುವೆ ಅಂಗಳ, ಒಂದು ಬದಿಗೆ ಬಾವಿ, ಇನ್ನೊಂದು ಬದಿಗೆ ದನಕರುಗಳ ಜಾಗ. ಅಂಗಳಕ್ಕೆ ತೆರೆದುಕೊಂಡು ಮೊಣಕಾಲೆತ್ತರದ ಪಡಸಾಲೆ. ಅದರ ಹಿಂದೆ ಸ್ವಾಮಿಗಳ ಕೋಣೆ, ಪೂಜೆಯ ಕೋಣೆ, ಮಠದ ಮೂಲ ಗುರುವಿನ ಸಮಾಧಿಯಾದ ಕರ್ತೃ ಗದ್ದುಗೆ. ಮಗ್ಗುಲಲ್ಲಿ ಅಡುಗೆಮನೆ, ಉಗ್ರಾಣ. ಜೋಳ ತುಂಬುವ ಹಗೇವು ನೆಲದಡಿ. ಪಲ್ಲಕ್ಕಿ ಪಡಸಾಲೆಯ ಮೂಲೆಯಲ್ಲಿ, ತಾಡೋಲೆಯ ಕಟ್ಟುಗಳು ಗೋಡೆಯ ಮಾಡದಲ್ಲಿ ಅಥವಾ ಅಟ್ಟದ ಮೇಲೆ.

ಈ ಕ್ರಮವನ್ನು ಗುಡಿಯ ಕ್ರಮದೊಂದಿಗೆ ಹೋಲಿಸಿದರೆ ಮಠದ ಸ್ವಂತಿಕೆ ತಿಳಿಯುತ್ತದೆ. ಗುಡಿಯಲ್ಲಿ ಮುಖಮಂಟಪ, ನವರಂಗ, ಅಂತರಾಳ, ಗರ್ಭಗೃಹ ಒಂದೇ ಸಾಲಿನಲ್ಲಿ ಬಂದು, ಮುಂದೆ ಹೋದಷ್ಟೂ ಜಾಗ ಕಿರಿದಾಗಿ ಬೆಳಕು ಕುಂದುತ್ತದೆ; ಬಹುಪಾಲು ಜನ ಒಂದು ಹೊಸಲಿನ ಈಚೆಗೇ ನಿಲ್ಲುತ್ತಾರೆ. ಮಠದಲ್ಲಿ ಅತಿ ದೊಡ್ಡ, ಅತಿ ಬೆಳಕಿನ, ಅತಿ ಹೆಚ್ಚು ಖರ್ಚಿನ ಭಾಗ ಪಡಸಾಲೆ, ಅಂದರೆ ಜನ ಕೂರುವ ಜಾಗ. ಒಳ್ಳೆಯ ತೇಗದ ಕಂಬ, ಕೆತ್ತಿದ ಬೋದಿಗೆ, ಕಮಾನಿನ ಹಲಗೆ ಏನಿದ್ದರೂ ಅವೆಲ್ಲ ಇಲ್ಲಿಗೇ ಸಲ್ಲುತ್ತವೆ. ಶರಣತತ್ತ್ವಕ್ಕೆ ಕಟ್ಟಡದ ಭಾಷೆಯಲ್ಲಿ ಸಿಕ್ಕ ಅತ್ಯುತ್ತಮ ಉತ್ತರ ಈ ಪಡಸಾಲೆಯೇ. ಇದು ಪೂರ್ತಿ ಒಳಗೂ ಇಲ್ಲ, ಪೂರ್ತಿ ಹೊರಗೂ ಇಲ್ಲ. ಕೂಟ ನಡೆಯುವಾಗ ಹೊಲದಿಂದ ತಡವಾಗಿ ಬಂದವನು ಯಾರಿಗೂ ಅಡ್ಡಿಯಾಗದೆ ಅಂಚಿನಲ್ಲಿ ಕೂರಬಹುದು. ಎದ್ದು ಹೋಗಬೇಕಾದವಳು ಸದ್ದಿಲ್ಲದೆ ಹೋಗಬಹುದು. ಜನ ಹೆಚ್ಚಾದರೆ ಸಭೆ ತಾನಾಗಿ ಅಂಗಳಕ್ಕೆ ಹರಡುತ್ತದೆ. ಕ್ವೇಕರರ ಮುಚ್ಚಿದ ಕೋಣೆಗೆ ಈ ಸೌಲಭ್ಯವಿಲ್ಲ. ಚಳಿನಾಡಿನಲ್ಲಿ ಅದು ಸಾಧ್ಯವೂ ಅಲ್ಲ.

ಕಟ್ಟುವ ಸಾಮಗ್ರಿಯಲ್ಲಿ ಈ ನಾಲ್ಕು ತಾಲೂಕುಗಳ ನೆಲವೇ ಮಾತಾಡುತ್ತದೆ. ಇಂಡಿ, ಸಿಂದಗಿ ಮತ್ತು ಬಾಗೇವಾಡಿಯ ಬಹುಭಾಗದಲ್ಲಿ ಎರೆಮಣ್ಣಿನ ಕೆಳಗೆ ದಖನ್ನಿನ ಕರಿಗಲ್ಲು. ಗಟ್ಟಿಯಾದ ಇದನ್ನು ನಯವಾಗಿ ಕಡೆಯುವುದು ಕಷ್ಟ. ಆದ್ದರಿಂದ ಎದುರುಗೋಡೆಗೆ ಮಾತ್ರ ಕಡೆದ ಕಲ್ಲು, ಉಳಿದ ಗೋಡೆಗಳಿಗೆ ಒರಟು ಕಲ್ಲು ಮತ್ತು ಮಣ್ಣು. ದಕ್ಷಿಣಕ್ಕೆ ಮುದ್ದೇಬಿಹಾಳದತ್ತ ಬಂದರೆ ನೆಲ ಬದಲಾಗುತ್ತದೆ. ತಾಳಿಕೋಟೆಯ ಸುತ್ತ ಪದರಪದರವಾಗಿ ಏಳುವ ಸುಣ್ಣಗಲ್ಲು ಸಿಗುತ್ತದೆ. ಆ ಫರಸಿಯನ್ನು ಹಾಸಿದ ಪಡಸಾಲೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಎರೆನೆಲ ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವುದರಿಂದ ಅಡಿಪಾಯ ಆಳಕ್ಕೆ ಹೋಗಬೇಕು, ಗೋಡೆ ದಪ್ಪವಿರಬೇಕು. ಡೋಣಿ ಹೊಳೆಯ ದಂಡೆಯ ಊರುಗಳಲ್ಲಿ ಇದನ್ನು ಅಲಕ್ಷಿಸಿದ ಗೋಡೆಗಳು ಬಿರುಕು ಬಿಟ್ಟು ವಾಲುತ್ತವೆ.

ಮಾಳಿಗೆಯ ರಚನೆ ಇನ್ನೂ ಸೂಕ್ಷ್ಮ. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆಯ ಕಡ್ಡಿ, ಹುಳ ಹತ್ತದಂತೆ ಬೇವಿನ ತಪ್ಪಲು, ಎಲ್ಲದರ ಮೇಲೆ ದಪ್ಪನಾದ ಮಣ್ಣು. ಕೊನೆಗೆ ನೀರು ಇಳಿಯದಂತೆ ಹಾಳುಮಣ್ಣಿನ ಮೇಲ್ಮುದ್ದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆಗೆ ಇದಕ್ಕಿಂತ ತಕ್ಕ ಸೂರು ಇಲ್ಲ. ಹಗಲಿನ ಕಾವು ಈ ದಪ್ಪ ಮಣ್ಣನ್ನು ದಾಟುವಷ್ಟರಲ್ಲಿ ಸಂಜೆಯಾಗುತ್ತದೆ. ಆ ಹೊತ್ತಿಗೆ ಜನ ಅಂಗಳದಲ್ಲಿ ಕೂತಿರುತ್ತಾರೆ. ಬೆಳಕು ಬರುವುದು ಅಂಗಳದ ಕಡೆಯಿಂದ, ಒಳಕೋಣೆಗಳಿಗೆ ಮಾಳಿಗೆಯ ಬೆಳಕಿಂಡಿಯಿಂದ. ಹೊರಗೋಡೆಯಲ್ಲಿ ಕಿಟಕಿ ಕಡಿಮೆ ಇದ್ದರೂ ಒಳಗೆ ಉಸಿರುಗಟ್ಟದಿರುವುದು ಈ ಏರ್ಪಾಟಿನಿಂದ.

ಇದಕ್ಕೊಂದು ಬೆಲೆಯೂ ಇದೆ. ಮೇಲ್ಮುದ್ದೆಯನ್ನು ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ನೋಡಿಕೊಳ್ಳಬೇಕು. ಒಂದು ವರ್ಷ ಬಿಟ್ಟರೆ ಸೋರುತ್ತದೆ, ನಾಲ್ಕಾರು ವರ್ಷ ಬಿಟ್ಟರೆ ಜಂತಿ ಕೊಳೆಯುತ್ತದೆ. ಭಕ್ತರು ಬಂಡಿಯಲ್ಲಿ ಮಣ್ಣು ಹೇರಿ ತಂದು ಮಾಳಿಗೆ ಸರಿಮಾಡಿ ಮಠದಲ್ಲೇ ಉಂಡು ಹೋಗುವುದು ಹಳ್ಳಿಯ ವಾರ್ಷಿಕ ಸೇವೆಗಳಲ್ಲೊಂದಾಗಿತ್ತು. ಕಟ್ಟಡದ ಈ ದೌರ್ಬಲ್ಯವೇ ಊರನ್ನು ಅದಕ್ಕೆ ಕಟ್ಟಿಹಾಕಿತ್ತೆನ್ನಬಹುದು. ಆ ಸೇವೆ ನಿಂತ ಕಡೆ ಹಳೆಯ ಮಠ ಒಂದು ತಲೆಮಾರಿನೊಳಗೆ ಬಿದ್ದುಹೋಗಿದೆ.

ಸಭೆಯ ಏರ್ಪಾಟಿಗೆ ಬಂದರೆ ಮೆಚ್ಚುಗೆಯೊಂದಿಗೆ ಆಕ್ಷೇಪವೂ ಸೇರುತ್ತದೆ. ಶ್ರಾವಣದಲ್ಲಿ ಪುರಾಣ ಹಚ್ಚಿದಾಗ, ತಿಂಗಳ ಶಿವಾನುಭವ ಗೋಷ್ಠಿ ನಡೆದಾಗ ಪಡಸಾಲೆಯ ತುಂಬ ಜಮಖಾನೆ ಹಾಸುತ್ತಾರೆ. ನೆಲದ ಮೇಲೆ ಕೂರುವ ಸಭೆಯಲ್ಲಿ ಆಸ್ತಿವಂತನಿಗೂ ಕೂಲಿಯವನಿಗೂ ಒಂದೇ ಎತ್ತರ. ಮಣ್ಣಿನ ಮಾಳಿಗೆ ಮತ್ತು ಕಟ್ಟಿಗೆಯ ಕಂಬಗಳು ಸದ್ದನ್ನು ಮಾರ್ದನಿಯಾಗದಂತೆ ಹೀರುವುದರಿಂದ ಯಂತ್ರದ ನೆರವಿಲ್ಲದೆ ಪ್ರವಚನ ಕೊನೆಯ ಸಾಲಿಗೂ ಕೇಳುತ್ತದೆ. ಹಾರ್ಮೋನಿಯಂ, ತಬಲಾದ ಸಂಗೀತಕ್ಕೂ ಇದು ಹೊಂದುತ್ತದೆ. ಆದರೆ ಎಲ್ಲರೂ ಮುಖಮಾಡುವುದು ಒಂದೇ ದಿಕ್ಕಿಗೆ. ಆ ದಿಕ್ಕಿನಲ್ಲಿ ಸ್ವಾಮಿಗಳ ಎತ್ತರದ ಪೀಠ, ಅದರ ಹಿಂದೆ ಗದ್ದುಗೆ. ಕ್ವೇಕರ್ ಹಿರಿಯರ ಬೆಂಚು ಒಂದೆರಡು ಮೆಟ್ಟಿಲು ಮೇಲಿದ್ದರೂ ಸಭೆಯಲ್ಲಿ ಯಾರಾದರೂ ಎದ್ದು ಮಾತಾಡಬಹುದಿತ್ತು. ಅಲ್ಲಮ, ಅಕ್ಕ, ಮಾಚಯ್ಯ ಪರಸ್ಪರ ಎದುರುಬದುರಾಗಿ ಪ್ರಶ್ನಿಸಿಕೊಂಡ ಚಿತ್ರವನ್ನು ಶೂನ್ಯಸಂಪಾದನೆ ಕೊಡುತ್ತದೆ. ಮಠದ ಪಡಸಾಲೆ ಅಂಥ ವೃತ್ತಾಕಾರದ ಮಾತುಕತೆಗೆ ಜಾಗ ಮಾಡಬಲ್ಲದು. ಪೀಠದ ಏರ್ಪಾಟು ಅದನ್ನು ಕೇಳುವವರ ಸಭೆಯಾಗಿ ಮಾಡಿದೆ. ದೋಷವಿರುವುದು ಪೀಠೋಪಕರಣದಲ್ಲೇ ಹೊರತು ಕಟ್ಟಡದಲ್ಲಿಲ್ಲ. ಹಾಗಾಗಿ ಇದನ್ನು ತಿದ್ದುವುದು ಸಾಧ್ಯ.

ಹೆಂಗಸರ ಜಾಗದ ಪ್ರಶ್ನೆ ಇದಕ್ಕೆ ಹೊಂದಿಕೊಂಡೇ ಬರುತ್ತದೆ. ಪಡಸಾಲೆಯ ಒಂದು ಮಗ್ಗುಲು ಅವರದು. ಕ್ವೇಕರರ ಹಲಗೆಯಂಥ ತಡೆ ಇಲ್ಲಿಲ್ಲ. ಆದರೆ ದಾಸೋಹದ ಕೆಲಸದಲ್ಲಿ ತೊಡಗಿದ ಹೆಂಗಸರಿಗೆ ಅಡುಗೆಮನೆ ಹಿಂಬದಿಗಿರುವುದರಿಂದ ಗೋಷ್ಠಿಯ ಮಾತು ಗೋಡೆಯಾಚೆಗೆ ಉಳಿಯುತ್ತದೆ. ಮುದ್ದೇಬಿಹಾಳ ತಾಲೂಕಿನ ತಂಗಡಗಿ ಕೃಷ್ಣಾ ದಂಡೆಯಲ್ಲಿ ಬಸವಣ್ಣನ ಮಡದಿ ನೀಲಾಂಬಿಕೆಯ ಐಕ್ಯಸ್ಥಳವೆಂದು ಪ್ರಸಿದ್ಧವಾಗಿದೆ. ಹಡಪದ ಅಪ್ಪಣ್ಣನ ನೆನಪೂ ಅಲ್ಲಿಗೇ ಸೇರಿದೆ. ವಚನ ಬರೆದ ಹೆಂಗಸೊಬ್ಬಳ ನೆಲೆಯಾದ ಈ ಸೀಮೆಯಲ್ಲಿ ಒಲೆಯ ಮುಂದಿನವರಿಗೂ ಮಾತು ಕೇಳುವಂತೆ ಅಡುಗೆಮನೆಯನ್ನು ಪಡಸಾಲೆಗೆ ತೆರೆದು ಕಟ್ಟುವುದು ಸಹಜವಾಗಿ ಆಗಬೇಕಿದ್ದ ಕೆಲಸ. ಅದು ಆಗದೆ ಉಳಿದದ್ದು ಈ ವಾಸ್ತುಪರಂಪರೆಯ ದೊಡ್ಡ ಕೊರತೆ.

ಅಡುಗೆಮನೆಯ ಗಾತ್ರ ಮಾತ್ರ ಎಲ್ಲ ಹೊಗಳಿಕೆಗೂ ಅರ್ಹ. ಜಾತ್ರೆಯ ದಿನ ಸಾವಿರಾರು ಜನಕ್ಕೆ ಹುಗ್ಗಿ, ರೊಟ್ಟಿ, ಪಲ್ಯ, ಅನ್ನ, ಸಾರು ಬಡಿಸುವಂತೆ ಒಲೆಗಳ ಸಾಲು, ಕೊಪ್ಪರಿಗೆಗಳು, ನೀರಿನ ತೊಟ್ಟಿ, ಉಗ್ರಾಣ ಒಂದಕ್ಕೊಂದು ಹತ್ತಿರದಲ್ಲಿವೆ. ಹೊಗೆ ಹೋಗಲು ಮಾಳಿಗೆಯಲ್ಲಿ ಗವಾಕ್ಷಿ, ಕಟ್ಟಿಗೆ ತರಲು ಹಿಂಬಾಗಿಲು. ಪಂಕ್ತಿ ಕೂರುವುದು ಅದೇ ಪಡಸಾಲೆಯಲ್ಲಿ ಅಥವಾ ಅಂಗಳದಲ್ಲಿ. ಅಂದರೆ ಪ್ರವಚನ ಕೇಳಿದ ಜಾಗವೇ ಉಣ್ಣುವ ಜಾಗ. ಒಟ್ಟಿಗೆ ಉಣ್ಣುವುದನ್ನು ಆಚರಣೆಯ ಅಂಗವೆಂದು ಭಾವಿಸಿದ ಸಮುದಾಯ ಅದಕ್ಕೆ ಬೇರೆ ಕೋಣೆ ಕಟ್ಟದೆ ಇದ್ದದ್ದು ಸರಿಯಾದ ನಿರ್ಧಾರ.

20ನೆಯ ಶತಮಾನದ ಆರಂಭದಲ್ಲಿ ಈ ಕಟ್ಟಡಗಳಿಗೆ ಹೊಸ ಕೆಲಸ ಬಂತು. 1904ರಲ್ಲಿ ವೀರಶೈವ ಮಹಾಸಭೆ, 1909ರಲ್ಲಿ ಬಾದಾಮಿ ಬಳಿ ಶಿವಯೋಗಮಂದಿರ ಹುಟ್ಟಿದವು, 1910ರಲ್ಲಿ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಲಿಂಗಾಯತ ವಿದ್ಯಾಸಂಸ್ಥೆ ಕಟ್ಟಲು ತೊಡಗಿದರು. ಇಂಡಿ ತಾಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳು ಮುಂದೆ ಆ ಸಂಸ್ಥೆಗೆ ಬಲವಾಗಿ ನಿಂತರು. ಹಳ್ಳಿಮಠದ ಪಡಸಾಲೆಗಳು ಪ್ರಸಾದನಿಲಯಗಳಾದವು. ಹಗಲು ಪಾಠ, ರಾತ್ರಿ ಅದೇ ಫರಸಿಯ ಮೇಲೆ ಹಾಸಿಗೆ. ಸಾಲೋಟಗಿಯ ಶಾಲೆಗೆ ಬೇಕಾಗಿದ್ದ 27 ಪ್ರತ್ಯೇಕ ಮನೆಗಳ ಕೆಲಸವನ್ನು ಇಲ್ಲಿ ಒಂದು ಪಡಸಾಲೆ ನಡೆಸಿತು. ಹೊಸ ಗೋಡೆ ಎಬ್ಬಿಸದೆ ಸಭೆ, ಊಟ, ಪಾಠ, ನಿದ್ರೆ ನಾಲ್ಕಕ್ಕೂ ಒದಗಿದ ಈ ಗುಣವೇ ಒಂದು ಕಟ್ಟಡದ ಯೋಗ್ಯತೆಗೆ ದೊಡ್ಡ ಪುರಾವೆ. ಮಠಗಳ ಅಟ್ಟ, ಮಾಡಗಳೂ ತಮ್ಮ ಕೆಲಸ ಮಾಡಿದ್ದವು. ಹಳಕಟ್ಟಿಯವರು ಮನೆಗಳಿಂದಲೂ ಮಠಗಳಿಂದಲೂ ತಾಡೋಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಒಣಹವೆಯ ಸೀಮೆಯಲ್ಲಿ ದಪ್ಪಗೋಡೆಯ ಒಳಗೆ ಗರಿಗಳು ಶತಮಾನಗಳ ಕಾಲ ಉಳಿದಿದ್ದರಿಂದಲೇ ಇದು ಕೈಗೂಡಿತು.

ಮಠದ ಬಳಿ ಗುಡಿಯೂ ಇರುವಲ್ಲಿ ಹೋಲಿಕೆ ಸ್ಪಷ್ಟವಾಗುತ್ತದೆ. ಬಸವಣ್ಣ ಹುಟ್ಟಿದ ಊರೆನಿಸಿದ ಬಸವನಬಾಗೇವಾಡಿಯ ಬಸವೇಶ್ವರ ದೇವಾಲಯ ಚಾಲುಕ್ಯ ಶೈಲಿಯದು. ಶಾಸನಗಳಲ್ಲಿ ಅದು ಸಂಗಮೇಶ್ವರ ದೇವಾಲಯ. ಕಡೆದ ಕಲ್ಲಿನ ಕಂಬಗಳು, ಲೆಕ್ಕಾಚಾರದ ಪ್ರಮಾಣಗಳು ಕುಶಲ ಕೈಗಳ ಕೆಲಸ. ಗುಡಿಯ ಹಂಗು ಬೇಡವೆಂದ ವ್ಯಕ್ತಿಯನ್ನೇ ನಂದಿಯ ರೂಪದಲ್ಲಿ ಗುಡಿಯೊಳಗೆ ಪೂಜಿಸುವ ಭಕ್ತಿ ಆ ಜನರ ಪ್ರೀತಿಯ ಸಾಕ್ಷಿ, ಅದನ್ನು ಹೀಗಳೆಯಲಾಗದು. ವಾಸ್ತುವಿನ ದೃಷ್ಟಿಯಿಂದ ಹೇಳಬೇಕಾದದ್ದು ಬೇರೆ. ಶ್ರಾವಣದ ಜಾತ್ರೆಯಲ್ಲಿ ಇಲ್ಲಿಗೆ ಬರುವ ಜನಸ್ತೋಮ ಸಾಲುಗಟ್ಟಿ ದರ್ಶನ ಪಡೆದು ಹೊರಡುತ್ತದೆ. ಕಟ್ಟಡದ ರಚನೆ ಅದನ್ನಷ್ಟೇ ಸಾಧ್ಯವಾಗಿಸುತ್ತದೆ. ಅದೇ ಊರಿನ ವಿರಕ್ತಮಠದಂಥ ಕಡೆ ಬಂದವರು ಕೂರುತ್ತಾರೆ, ಉಣ್ಣುತ್ತಾರೆ, ಪರಿಚಯವಾಗುತ್ತಾರೆ. ಬಸವಣ್ಣನ ಮಾತಿಗೆ ಹತ್ತಿರವಾದ ನಡವಳಿಕೆ ಯಾವ ಸೂರಿನಡಿ ಹುಟ್ಟುತ್ತದೆ ಎಂಬುದಕ್ಕೆ ಬೇರೆ ವಾದ ಬೇಕಿಲ್ಲ.

ಇತ್ತೀಚಿನ ದಶಕಗಳ ಸ್ಮಾರಕಗಳು ಈ ಪಾಠವನ್ನು ಪೂರ್ತಿ ಕಲಿತಿಲ್ಲ. ಬಸವಣ್ಣನ ತಾಯಿಯ ತವರೆಂದು ಹೇಳುವ ಇಂಗಳೇಶ್ವರದಲ್ಲಿ ವಿರಕ್ತಮಠದವರು ವಚನಗಳನ್ನು ಕಲ್ಲಿನ ಮೇಲೆ ಕೆತ್ತಿಸಿ ವಚನ ಶಿಲಾಮಂಟಪ ನಿರ್ಮಿಸಿದ್ದಾರೆ. ಮೂರ್ತಿಯ ಜಾಗದಲ್ಲಿ ಮಾತನ್ನು ಇಟ್ಟ ಈ ಯೋಚನೆ ದೊಡ್ಡದು. ಬಂದವರು ಗೋಡೆಯ ಮುಂದೆ ನಿಂತು ಓದುತ್ತಾ ಹೋಗುತ್ತಾರೆ, ಓದು ಬಾರದವರಿಗೆ ಜೊತೆಯವರು ಓದಿ ಹೇಳುತ್ತಾರೆ. ಗುಡಿ ಮತ್ತು ಗ್ರಂಥಾಲಯಗಳ ನಡುವಿನ ಈ ರೂಪ ಹೊಸ ಸ್ಮಾರಕಗಳಲ್ಲಿ ತತ್ತ್ವಕ್ಕೆ ಹೆಚ್ಚು ಹೊಂದಿದ್ದು. ಕಲ್ಲಿನಲ್ಲಿ ಸ್ಥಿರವಾದ ವಚನ ಮತ್ತೆ ಸ್ಥಾವರವಾಗುವ ಅಪಾಯ ಇದ್ದೇ ಇದೆ. ಅದನ್ನು ತಪ್ಪಿಸುವುದು ಆ ಗೋಡೆಗಳ ನಡುವೆ ಕುಳಿತು ಮಾತಾಡುವ ಜಾಗ, ನೆರಳು ಮತ್ತು ನಿರಂತರ ಗೋಷ್ಠಿ.

ಗಾತ್ರವನ್ನೇ ಗೌರವವೆಂದು ತಿಳಿಯುವ ಒಲವು ಬಸವಕಲ್ಯಾಣದಲ್ಲಿ ಎದ್ದು ಕಾಣುತ್ತದೆ. ಅಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದೇವರ ಶ್ರಮದಿಂದ 1950ರ ದಶಕದಲ್ಲಿ ಅನುಭವಮಂಟಪದ ಕೆಲಸ ಮೊದಲಾಗಿತ್ತು. 2021ರ ಜನವರಿ 6ರಂದು ಶಂಕುಸ್ಥಾಪನೆಯಾದ ಹೊಸ ಅನುಭವಮಂಟಪ ಏಳೂವರೆ ಎಕರೆಯಲ್ಲಿ, 182 ಅಡಿ ಎತ್ತರಕ್ಕೆ, 770 ಕಂಬಗಳೊಂದಿಗೆ ಯೋಜಿತವಾದದ್ದು. 770 ಅಮರಗಣಂಗಳ ಸಂಖ್ಯೆಯನ್ನು ಕಂಬಗಳಲ್ಲಿ ತಂದ ಕಲ್ಪನೆಗೆ ಅರ್ಥವಿದೆ. ಹೆಸರಿಲ್ಲದ ಕಾಯಕಜೀವಿಗೂ ಒಂದೊಂದು ಕಂಬ ಸಲ್ಲುವುದು ಸಮಾಧಾನದ ವಿಷಯ. ಆದರೆ ಎತ್ತರದ ಕಟ್ಟಡ ಜನರನ್ನು ತಲೆ ಎತ್ತಿ ನೋಡುವ ಪ್ರೇಕ್ಷಕರನ್ನಾಗಿ ಮಾಡುತ್ತದೆ. ಹತ್ತಾರು ಜನ ಹೆಸರು ಹಿಡಿದು ಮಾತಾಡಿಸಿಕೊಳ್ಳುವ ಪಡಸಾಲೆಯ ಅಳತೆಯನ್ನು ಅಂಥ ಯೋಜನೆ ಒಳಗಿನ ಸಣ್ಣ ಅಂಗಳಗಳಲ್ಲಿ, ಕಟ್ಟೆಗಳಲ್ಲಿ ಉಳಿಸಿಕೊಂಡರೆ ಮಾತ್ರ ಹೆಸರಿಗೆ ತಕ್ಕ ಕೆಲಸ ನಡೆದೀತು.

ಸತ್ತವರಿಗೆ ಕೊಡುವ ಜಾಗದ ವಿಷಯದಲ್ಲಿ ಹಳ್ಳಿಮಠಗಳು ಕ್ವೇಕರರಿಗಿಂತ ಹಿಂದೆ ಉಳಿದಿವೆ. ಕ್ವೇಕರ್ ಸ್ಮಶಾನದಲ್ಲಿ ಕಲ್ಲು ಇದ್ದರೂ ಎಲ್ಲರದೂ ಚಿಕ್ಕದು, ಒಂದೇ ಬಗೆಯದು. ಮಠದಲ್ಲಿ ಕರ್ತೃ ಗದ್ದುಗೆ ಮೊದಲು ಒಂದು ಸಾದಾ ದಿಬ್ಬವಾಗಿದ್ದು, ಬಳಿಕ ಅದಕ್ಕೆ ಗೋಡೆ, ಶಿಖರ, ಬೆಳ್ಳಿಯ ಬಾಗಿಲು ಬಂದವು. ಪೀಠದಿಂದ ಪೀಠಕ್ಕೆ ಗದ್ದುಗೆಗಳು ಹೆಚ್ಚಿದಂತೆ ಬದುಕಿರುವವರ ಅಂಗಳ ಕಿರಿದಾಯಿತು. ಗುಡಿಯನ್ನು ಬಿಟ್ಟು ಬಂದ ಕಟ್ಟಡದೊಳಗೆ ಗರ್ಭಗೃಹ ಮರಳಿ ಪ್ರವೇಶಿಸಿದ ಬಾಗಿಲು ಇದೇ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ಲಿಂಗೈಕ್ಯರಾಗುವ ಮೊದಲೇ ತಮ್ಮ ದೇಹವನ್ನು ಮಣ್ಣಿನಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಗುಡಿ ಸ್ಮಾರಕ ಯಾವುದನ್ನೂ ಕಟ್ಟಬಾರದು ಎಂದು ಬರೆದಿಟ್ಟಿದ್ದರು, ಅದರಂತೆಯೇ ನಡೆಯಿತು. ಈ ಸೀಮೆಯ ಧಾರ್ಮಿಕ ವಾಸ್ತುವಿನ ಇತಿಹಾಸದಲ್ಲಿ ಕಟ್ಟದೆ ಬಿಟ್ಟ ಆ ಗದ್ದುಗೆಯನ್ನು ಒಂದು ಮುಖ್ಯ ಕೃತಿಯೆಂದೇ ಎಣಿಸಬೇಕು.

ಮೌನದ ಕೂಟಕ್ಕೂ ಇಲ್ಲಿ ಒಂದು ಮಾದರಿಯಿದೆ. ಇಂಡಿ ಸೀಮೆಯ ಇಂಚಗೇರಿಯಲ್ಲಿ ಉಮದಿಯ ಭಾವೂಸಾಹೇಬ ಮಹಾರಾಜರ ಮಠ ನಾಮಧ್ಯಾನವನ್ನು ಗೃಹಸ್ಥರ ನಿತ್ಯನೇಮವಾಗಿ ಬೆಳೆಸಿತು. ಅದೇ ಪರಂಪರೆಯ ಗುರುದೇವ ರಾ.ದ. ರಾನಡೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅವರು ನೆಲೆಸಿದ್ದು ಇಂಡಿ ತಾಲೂಕಿನ ನಿಂಬಾಳದಲ್ಲಿ, 1957ರ ಜೂನ್ 6ರಂದು ತೀರಿಕೊಂಡದ್ದೂ ಅಲ್ಲಿಯೇ. ಕನ್ನಡ, ಮರಾಠಿ ಮಾತಿನ ಸಾಧಕರು ಹೊತ್ತುಹೊತ್ತಿಗೆ ಕೂತು ಧ್ಯಾನಿಸುವ ಈ ಕ್ರಮಕ್ಕೆ ಬೇಕಾದದ್ದು ಗದ್ದಲವಿಲ್ಲದ, ವಾಸಕ್ಕೆ ಯೋಗ್ಯವಾದ ಮನೆ ಮಾತ್ರ. ಕ್ವೇಕರರ ಮೌನಸಭೆಗೆ ಕರ್ನಾಟಕದಲ್ಲಿ ಇದಕ್ಕಿಂತ ಹತ್ತಿರವಾದ ಆಚರಣೆ ಸಿಗುವುದು ವಿರಳ. ಗಂಭೀರ ಸಾಧನೆಗೆ ಭವ್ಯ ಕಟ್ಟಡ ಅನಿವಾರ್ಯವಲ್ಲವೆಂಬುದನ್ನು ನಿಂಬಾಳ ತೋರಿಸಿಕೊಟ್ಟಿದೆ.

ಈಗಿನ ದೊಡ್ಡ ಆತಂಕ ಬದಲಿಕಟ್ಟಡಗಳದು. ಸೋರುವ ಮಾಳಿಗೆಯನ್ನು ಕೆಡವಿ ಕಾಂಕ್ರೀಟ್ ಹಾಕುವುದು, ಪಡಸಾಲೆಯನ್ನು ತೆಗೆದು ಕಲ್ಯಾಣಮಂಟಪ ಎಬ್ಬಿಸುವುದು, ಫರಸಿಯ ಮೇಲೆ ಗ್ರಾನೈಟ್ ಹಾಸುವುದು, ಕರಿಗಲ್ಲಿಗೆ ಎಣ್ಣೆಬಣ್ಣ ಬಳಿಯುವುದು ಎಲ್ಲೆಡೆ ನಡೆದಿದೆ. ಕಾರಣಗಳು ನ್ಯಾಯವಾದವೇ. ತೇಗದ ತೊಲೆ ದುಬಾರಿ, ಮೇಲ್ಮುದ್ದೆ ಬಲ್ಲ ಕೈಗಳು ಕಡಿಮೆ, ಬಂಡಿ ಮಣ್ಣು ತರುವ ಸೇವೆ ನಿಂತಿದೆ, ಜಾತ್ರೆಯ ಜನ ಹೆಚ್ಚಾಗಿದ್ದಾರೆ. ಪರಿಣಾಮ ಮಾತ್ರ ಕಟ್ಟಡದ ಗುಣವನ್ನೇ ಅಳಿಸುತ್ತದೆ. ಕಾಂಕ್ರೀಟ್ ಸೂರಿನಡಿ ಮಧ್ಯಾಹ್ನ ಕೂರಲಾಗದು, ಬರಿಗೋಡೆಗಳ ನಡುವೆ ಮಾತು ಗದ್ದಲವಾಗಿ ಧ್ವನಿವರ್ಧಕ ಅನಿವಾರ್ಯವಾಗುತ್ತದೆ. ಧ್ವನಿವರ್ಧಕ ಬಂದಮೇಲೆ ಒಬ್ಬರು ಮಾತಾಡಿ ಉಳಿದವರು ಕೇಳುವ ಕ್ರಮ ಇನ್ನಷ್ಟು ಗಟ್ಟಿಯಾಗುತ್ತದೆ. ವೇದಿಕೆ, ಕುರ್ಚಿಗಳ ಸಾಲು ಸೇರಿದಾಗ ನೆಲದ ಸಮಾನತೆಯೂ ಹೋಗುತ್ತದೆ.

ಇದಕ್ಕೆ ಪರಿಹಾರ ಹಳೆಯದನ್ನು ಮುಟ್ಟದೆ ಕಾಪಿಡುವುದಷ್ಟೇ ಆಗಲಾರದು. ಹೊಸ ಸಭಾಭವನ ಬೇಕಾದ ಮಠ ಅದನ್ನು ಹಳೆಯ ಪೌಳಿಯ ಹೊರಗೆ ಕಟ್ಟಿಕೊಂಡು, ಪಡಸಾಲೆಯನ್ನು ತಿಂಗಳ ಗೋಷ್ಠಿಗೂ ನಿತ್ಯದ ಪಂಕ್ತಿಗೂ ಉಳಿಸಿಕೊಳ್ಳಬಹುದು. ಮಾಳಿಗೆ ಬದಲಿಸಲೇಬೇಕಾದರೆ ತೊಲೆ, ಜಂತಿಗಳ ಕ್ರಮವನ್ನಿಟ್ಟು ಮೇಲೆ ನೀರು ತಡೆಯುವ ಪದರವನ್ನೂ ಅದರ ಮೇಲೆ ಮತ್ತೆ ಮಣ್ಣನ್ನೂ ಹಾಕಬಹುದು. ಹೊಸ ಕಟ್ಟಡಕ್ಕೂ ಅಂಗಳ, ಎತ್ತರದ ಬೆಳಕಿಂಡಿ, ತಾಳಿಕೋಟೆಯ ಫರಸಿ, ದಪ್ಪಗೋಡೆಗಳು ಅಗ್ಗವಾಗಿಯೇ ಒದಗುತ್ತವೆ. ಪೀಠವನ್ನು ಸಭೆಯ ಮಟ್ಟಕ್ಕೆ ಇಳಿಸುವುದಕ್ಕಂತೂ ಖರ್ಚೇ ಇಲ್ಲ. ಉಳಿದಿರುವ ಹಳೆಯ ಮಠಗಳ ನಕ್ಷೆ, ಅಳತೆ, ಚಿತ್ರಗಳನ್ನು ದಾಖಲಿಸುವ ಕೆಲಸ ತಾಲೂಕುವಾರು ನಡೆಯಬೇಕು. ಚಾಲುಕ್ಯರ ಗುಡಿಗಳೂ ಆದಿಲಶಾಹಿ ಗುಮ್ಮಟಗಳೂ ಪಡೆದ ಅಧ್ಯಯನದ ಸಣ್ಣ ಪಾಲೂ ಈ ಮಣ್ಣುಮಾಳಿಗೆಗಳಿಗೆ ಸಿಕ್ಕಿಲ್ಲ.

ಒಟ್ಟಾರೆ ತೂಗಿ ನೋಡಿದರೆ ಈ ಸೀಮೆಯ ಹಳ್ಳಿಮಠ ಮನೆಯಿಂದ ಕಲಿತಲ್ಲೆಲ್ಲ ಗೆದ್ದಿದೆ, ಗುಡಿಯಿಂದ ಮತ್ತು ಅರಮನೆಯಿಂದ ಎರವಲು ತಂದಲ್ಲೆಲ್ಲ ಸೋತಿದೆ. ಪಡಸಾಲೆ, ಅಂಗಳ, ಅಡುಗೆಮನೆ, ಕಟ್ಟೆ, ಮಾಡ ಇವು ಅದರ ಸ್ವಂತ ಗಳಿಕೆ. ಎತ್ತರದ ಪೀಠ, ಶಿಖರದ ಗದ್ದುಗೆ, ಹಿಂದೆ ಉಳಿದ ಹೆಂಗಸರ ಜಾಗ ಅದರ ಕೊರತೆ. ಬಯಲುಸೀಮೆಯ ಬಡ ಸಾಮಗ್ರಿಯಲ್ಲಿ, ಊರಿನ ಕೈಗಳಿಂದಲೇ, ಮಾತು ಮತ್ತು ಅನ್ನ ಎರಡನ್ನೂ ಹಂಚಲು ಯೋಗ್ಯವಾದ ಸೂರನ್ನು ಇಷ್ಟು ಕಾಲ ನಡೆಸಿಕೊಂಡು ಬಂದದ್ದು ಕನ್ನಡ ನಾಡಿನ ವಾಸ್ತುಸಾಧನೆಗಳಲ್ಲಿ ಗಣ್ಯವಾದದ್ದು. ದೇವಾಲಯಗಳಿಗೆ, ಕೋಟೆಗಳಿಗೆ ಸಲ್ಲುವ ವಿಮರ್ಶೆಯ ಗಮನ ಅದಕ್ಕೂ ಸಲ್ಲಬೇಕು.